ಮಂಜೂರು ನಾಲ್ಕು ಲಕ್ಷ, ಸಿಕ್ಕಿದ್ದು ಮೂರೇ!

ಪೇಟೆಬೀದಿಯ ದಿನಸಿ ವ್ಯಾಪಾರಿಯೊಬ್ಬರು ಮೊನ್ನೆ ಬ್ಯಾಂಕಿನಿಂದ ಬಂದವರೇ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ರೇಗಾಡುತ್ತಿದ್ದರು. "ನಾಲ್ಕು ಲಕ್ಷ ಸ್ಯಾಂಕ್ಷನ್ ಅಂತ ಕಾಗದ ಕೊಟ್ರು. ಹಬ್ಬದ ಮಾಲಿಗೆ ಚೆಕ್ ಬರೆಯೋಕೆ ಹೋದ್ರೆ ಮೂರೇ ಲಕ್ಷ ಅಂತಾರೆ. ಇದ್ಯಾವ ನ್ಯಾಯ ಸ್ವಾಮಿ?"

ಸಿಟ್ಟು ಸಹಜವೇ. ಆದರೆ ಲೆಕ್ಕ ಬೇರೆಯೇ ಇದೆ.

ಅವರದು ಕ್ಯಾಶ್ ಕ್ರೆಡಿಟ್ ಖಾತೆ. ವರ್ಷಕ್ಕೆ 20 ಲಕ್ಷದ ವಹಿವಾಟು. ನೂರಕ್ಕೆ 20ರಂತೆ 4 ಲಕ್ಷ ಮಿತಿ. ಸಣ್ಣ ಉದ್ಯಮಗಳಿಗೆ ನಾಯಕ್ ಸಮಿತಿ ಹಾಕಿಕೊಟ್ಟ ಲೆಕ್ಕವಿದು. ಆದರೆ ಮಿತಿಯೆಂಬುದು ಬಾವಿಯ ಆಳ ಇದ್ದಂತೆ, ನೀರು ಎಷ್ಟಿದೆಯೋ ಅಷ್ಟೇ ಸೇದಬಹುದು. ಆ ನೀರಿಗೆ ಬ್ಯಾಂಕಿನವರ ಹೆಸರು 'ಡ್ರಾಯಿಂಗ್ ಪವರ್'.

ಇವರು ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಮಾಲು 6 ಲಕ್ಷದ್ದು. ಅದರಲ್ಲಿ 2 ಲಕ್ಷದ್ದು ಸಗಟು ಮಂಡಿಯಿಂದ ಉದ್ರಿ ತಂದದ್ದು. ಉಳಿದದ್ದು 4 ಲಕ್ಷ. ನೂರಕ್ಕೆ 25 ಮಾರ್ಜಿನ್, ಅಂದರೆ ಮಾಲೀಕರ ಪಾಲು 1 ಲಕ್ಷ ಕಳೆದರೆ 3 ಲಕ್ಷ. ಅಷ್ಟೇ!

ತಮಾಷೆಯೆಂದರೆ ಆ ಸ್ಟೇಟ್‌ಮೆಂಟ್ ಮೂರು ತಿಂಗಳ ಹಿಂದಿನದು. ಈಗ ಅಂಗಡಿಯಲ್ಲಿ 8 ಲಕ್ಷದ ಮಾಲಿದೆ, ಉದ್ರಿ ಅಷ್ಟೇ ಇದೆ. ಹೊಸ ಲೆಕ್ಕ ಕೊಟ್ಟರೆ ನಾಲ್ಕೂವರೆ ಲಕ್ಷ ಬರುತ್ತದೆ. ಮಿತಿಯ 4 ಲಕ್ಷ ಪೂರ್ತಿ ಸಿಗುತ್ತದೆ. ಒಂದು ಹಾಳೆ ಕಾಗದದ ಸೋಮಾರಿತನಕ್ಕೆ ಒಂದು ಲಕ್ಷ ನಿಂತಿತ್ತು.

ಆ ಒಂದು ಲಕ್ಷಕ್ಕಾಗಿ ಅವರು ಹೊರಟಿದ್ದೆಲ್ಲಿಗೆ ಗೊತ್ತೇ? ದಿನವಹಿ ಬಡ್ಡಿಯವನ ಮನೆಗೆ! ಅಲ್ಲಿನ ದರ ಕೇಳಿ: ಹತ್ತು ಸಾವಿರಕ್ಕೆ ಮೊದಲೇ ಸಾವಿರ ಮುರಿದುಕೊಂಡು 9,000 ಕೈಗೆ, ದಿನಕ್ಕೆ ನೂರರಂತೆ ನೂರು ದಿನ. "ನೂರಕ್ಕೆ ಹತ್ತೇ ಅಲ್ವಾ" ಎನ್ನಬೇಡಿ. ಅಸಲು ದಿನಾ ಕರಗುತ್ತಾ ಹೋಗುವುದರಿಂದ ವರ್ಷದ ಲೆಕ್ಕಕ್ಕೆ ಅದು ನೂರಕ್ಕೆ 80ರ ಆಸುಪಾಸು.

'ಫ್ಲಾಟ್' ಬಡ್ಡಿಯದೂ ಇದೇ ಕಣ್ಕಟ್ಟು. ಒಂದು ಲಕ್ಷಕ್ಕೆ ನೂರಕ್ಕೆ 12ರಂತೆ ಒಂದು ವರ್ಷದ ಕಂತು ಸಾಲದಲ್ಲಿ ಫ್ಲಾಟ್ ಆದರೆ 12,000 ಬಡ್ಡಿ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ ಸುಮಾರು 6,600. ದರ ಒಂದೇ, ಜೇಬಿಗೆ ಬೀಳುವ ಕತ್ತರಿ ಹೆಚ್ಚುಕಡಿಮೆ ಎರಡರಷ್ಟು!

ಕ್ಯಾಶ್ ಕ್ರೆಡಿಟ್‌ನಲ್ಲಿ ತೆಗೆದ ಹಣಕ್ಕೆ, ತೆಗೆದ ದಿನಗಳಿಗೆ ಮಾತ್ರ ಬಡ್ಡಿ. ಸಂಜೆಯ ಗಲ್ಲಾಪೆಟ್ಟಿಗೆ ಹಣವನ್ನು ಖಾತೆಗೆ ಕಟ್ಟಿದರೆ ಅಂದಿನಿಂದಲೇ ಬಡ್ಡಿ ಇಳಿಯುತ್ತದೆ. ಆದರೆ ಈ ಹಣದಲ್ಲಿ ಫ್ರಿಜ್ಜು, ಶೆಲ್ಫು ಕೊಳ್ಳಬೇಡಿ. ಅವಕ್ಕೆ ಕಂತಿನ ಟರ್ಮ್ ಲೋನ್ ಇದೆ. ಮಾಲಿನ ದುಡ್ಡು ಗೋಡೆಗೆ ಅಂಟಿದರೆ ಖಾತೆ ತಿರುಗುವುದಿಲ್ಲ. ಡ್ರಾಯಿಂಗ್ ಪವರ್ ಮೀರಿ ಸತತ 90 ದಿನ ನಿಂತರೆ ಖಾತೆ ಎನ್‌ಪಿಎ. ಮುಂದೆ ಸಾಲ ಸಿಗುವುದು ಕಷ್ಟ.

ಕಂತಿನ ಸಾಲಕ್ಕೆ ಸಹಿ ಹಾಕುವ ಮೊದಲು 'ಮುಖ್ಯಾಂಶಗಳ ಪತ್ರ' ಕೇಳಿ. ಸಣ್ಣ ಉದ್ಯಮಗಳ ಹೊಸ ಟರ್ಮ್ ಲೋನಿಗೆ ಅದನ್ನು ಕೊಡುವುದು 2024ರ ಅಕ್ಟೋಬರ್ 1ರಿಂದ ಕಡ್ಡಾಯ. ಶುಲ್ಕವೆಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆಂದು ಅದರಲ್ಲಿರುತ್ತದೆ.

ನಮ್ಮ ವ್ಯಾಪಾರಿ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಬಡ್ಡಿಯವನ ಮನೆಗಲ್ಲ, ಅಂಗಡಿಗೆ, ಮಾಲು ಎಣಿಸಲು!