ಅಡಕ್ಕೆಯೊಳಗಿನ ‘ಸಿ’

ಜನವರಿ ತಿಂಗಳಲ್ಲಿ ನರಿಮೊಗರಿನ ತಂಗಿಯ ಮನೆಗೆ ಹೋದರೆ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಂಗಳದ ತುಂಬ ಅಡಿಕೆ. ನಿನ್ನೆ ಕೊಯ್ದದ್ದು ಕೇಸರಿ ಬಣ್ಣ, ತಿಂಗಳ ಹಿಂದಿನದ್ದು ಬಿಸಿಲಿಗೆ ಒಣಗಿ ಬೂದಿ ಬಣ್ಣ. ಕಳೆದ ಸಲ ಹೋದಾಗ ಸೊಸೆ, ಅಂದರೆ ತಂಗಿಯ ಮಗಳು, ಜಗಲಿಯಲ್ಲಿ ಕುಳಿತು ಇಂಗ್ಲಿಷ್ ಸ್ಪೆಲ್ಲಿಂಗ್ ಬಾಯಿಪಾಠ ಮಾಡುತ್ತಿದ್ದಳು. ಎ, ಆರ್, ಇ, ಸಿ, ಎ: ಅರೆಕ. ಎರಡು ಸಲ ಹೇಳಿ ಅಲ್ಲಿಗೇ ನಿಲ್ಲಿಸಿದಳು.

“ಮಾವ, ಅಡಕ್ಕೆಗೆ ಸಿ ಎಂತಕೆ? ಕೆ ಅಲ್ಲದೋ?”

ಆ ಪ್ರಶ್ನೆಗೆ ಉತ್ತರ ಐನೂರು ವರ್ಷ ಹಿಂದಿದೆ.

ಲ್ಯಾಟಿನ್ನಿನಿಂದ ಬೆಳೆದ ಪೋರ್ಚುಗೀಸ್ ಬರವಣಿಗೆಯಲ್ಲಿ ‘ಕೆ’ಗೆ ಹೆಚ್ಚು ಕಡಿಮೆ ಜಾಗವೇ ಇರಲಿಲ್ಲ. ‘ಕ’, ‘ಕೊ’ ಎಂದು ಬರೆಯಲು ಅವರಿಗೆ ಒದಗುತ್ತಿದ್ದದ್ದು ‘ಸಿ’. 1498ರಲ್ಲಿ ವಾಸ್ಕೊ ಡ ಗಾಮ ಮಲಬಾರಿಗೆ ಬಂದ ಮೇಲೆ ಈ ಕರಾವಳಿಯ ಸರಕಿನ ಹೆಸರುಗಳೆಲ್ಲ ಅವರ ಲೆಕ್ಕದ ಪುಸ್ತಕ ಹೊಕ್ಕವು. ಮಲಯಾಳದ ‘ಅಡಕ್ಕ’, ನಮ್ಮ ‘ಅಡಿಕೆ’ ಎರಡರಲ್ಲೂ ಇರುವ ‘ಡ’ಕಾರ ಅವರ ನಾಲಿಗೆಗೆ ಒಗ್ಗಲಿಲ್ಲ. ನಾಲಿಗೆ ಮಡಚಿ ಹೇಳುವ ಆ ಸದ್ದು ಅವರ ಕಿವಿಗೆ ‘ರ’ ಎಂದು ಕೇಳಿಸಿತು. ಡ ಹೋಗಿ ರ ಬಂತು, ಕಕಾರಕ್ಕೆ ಸಿ ಬಂತು. ಅಡಕ್ಕ ಅರೆಕ ಆಯಿತು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯ ಡ ಓರ್ತಾ ಎಂಬ ವೈದ್ಯನ ಔಷಧ ಗ್ರಂಥದಲ್ಲಿ ಈ ಹೆಸರು ಇದೆ. ಇಂಗ್ಲಿಷರು ಅದನ್ನು ಹಾಗೆಯೇ ಎತ್ತಿಕೊಂಡರು.

ನರಿಮೊಗರಿನ ಹವ್ಯಕರು ಇಂದಿಗೂ ‘ಅಡಕ್ಕೆ’ ಎಂದೇ ಒತ್ತಿ ಹೇಳುತ್ತಾರೆ. ತುಳುವಿನವರಿಗೆ ಅದು ಬಜ್ಜೆಯಿ. ಬಜ್ಜೆಯಿಗೆ ಹಡಗು ಹತ್ತುವ ಭಾಗ್ಯ ಬರಲಿಲ್ಲ ಎನ್ನುವುದು ನನಗೆ ಪ್ರತಿ ಸಲವೂ ಸ್ವಲ್ಪ ಬೇಸರ ತರುವ ಸಂಗತಿ.

ಈ ಸಿ ಮತ್ತು ಆರ್ ಜೋಡಿಯನ್ನು ಒಮ್ಮೆ ಗುರುತು ಹಿಡಿದ ಮೇಲೆ ಅದು ಎಲ್ಲೆಲ್ಲೂ ಕಣ್ಣಿಗೆ ಬೀಳುತ್ತದೆ. ಸೊಸೆಯ ನೋಟ್‌ಬುಕ್ಕಿನಲ್ಲೇ ಬರೆದು ತೋರಿಸಿದೆ. ‘ಕನ್ನಡ’ ಎನ್ನಿ, ಡ ತೆಗೆದು ರ ಇಡಿ, ಕಕಾರಕ್ಕೆ ಸಿ ಹಾಕಿ. ಕೆನರಾ! ನಮ್ಮ ಜಿಲ್ಲೆಯನ್ನು ಬ್ರಿಟಿಷರ ಕಾಲದಿಂದ ಸೌತ್ ಕೆನರಾ ಎಂದು ಕರೆದದ್ದು, 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ನಿಧಿ ಮುಂದೆ ಕೆನರಾ ಬ್ಯಾಂಕ್ ಆದದ್ದು, ಎಲ್ಲ ಈ ಒಂದು ಕಿವಿಯ ಕೆಲಸ. ಸುಳ್ಯದಿಂದ ಘಟ್ಟ ಹತ್ತಿದರೆ ಕೊಡಗು. ಅಲ್ಲಿಯೂ ಅದೇ ಕಥೆ, ಡ ರ ಆಗಿ ‘ಕೂರ್ಗ್’. ಅಡಿಕೆ, ಕನ್ನಡ, ಕೊಡಗು: ಬೆಳೆ, ಭಾಷೆ, ನೆರೆಯ ನಾಡು ಮೂರೂ ಒಂದೇ ರೀತಿಯಲ್ಲಿ ವೇಷ ಬದಲಿಸಿಕೊಂಡವು.

ರಕಾರ ಬಿಟ್ಟು ಬರೀ ಸಿ ಹಿಡಿದು ಹೊರಟರೆ ಅಂಗಳ ಇನ್ನೂ ದೊಡ್ಡದು. ಒಣಗಿದ ತೆಂಗಿನ ತಿರುಳಿಗೆ ‘ಕೊಪ್ರ’, ಅದು ನಮ್ಮ ಕೊಬ್ಬರಿಯ ಮಲಯಾಳದ ಒಡಹುಟ್ಟು. ನಾರಿನ ಹಗ್ಗಕ್ಕೆ ‘ಕಾಯರ್’, ಮಲಯಾಳದ ಕಯರ್‌ನಿಂದ. ಹಲಸಿಗೆ ಅಲ್ಲಿ ‘ಚಕ್ಕ’. ಪೋರ್ಚುಗೀಸರು ಸಿ ಹಾಕಿ ‘ಜಾಕ’ ಎಂದರು, ಇಂಗ್ಲಿಷರು ಆ ಸಿಯ ಬೆನ್ನಿಗೆ ಒಂದು ಕೆ ಕಟ್ಟಿ ‘ಜ್ಯಾಕ್’ ಮಾಡಿದರು. ತೇಗ, ಅಂದರೆ ಮಲಯಾಳದ ತೇಕ್ಕ್, ಮೊದಲು ಸಿ ಹಾಕಿಕೊಂಡು ‘ಟೆಕ’ ಆಗಿ ಆಮೇಲೆ ‘ಟೀಕ್’ ಆಯಿತು. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಅಡಿಕೆ ಮರಕ್ಕೆ ಶಾಸ್ತ್ರೀಯ ಹೆಸರಿಟ್ಟಾಗ ‘ಅರೆಕ ಕಟೆಚು’ ಎಂದ. ಎರಡನೆಯದು ಎಲೆಯಡಿಕೆಯ ಜೊತೆಗೆ ತಿನ್ನುವ ಕಾಚಿನ ಹೆಸರು. ಕಾಚು ಮುಖ್ಯವಾಗಿ ಬರುವುದು ಬೇರೆಯೇ ಮರದಿಂದ. ಆದರೂ ಹೆಸರು ಇಂದಿಗೂ ಅದೇ.

ಇಂಥ ಶಬ್ದಗಳನ್ನೆಲ್ಲ ಒಂದೆಡೆ ಕೂಡಿಹಾಕಿದ ದೊಡ್ಡ ಕೋಶ ‘ಹಾಬ್ಸನ್-ಜಾಬ್ಸನ್’, 1886ರದ್ದು. ಅದರ ಇಬ್ಬರು ಕರ್ತೃಗಳಲ್ಲಿ ಒಬ್ಬ ಆರ್ಥರ್ ಬರ್ನೆಲ್ 1870ರ ದಶಕದಲ್ಲಿ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ. ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಅವನು ಬರೆದ ಪುಸ್ತಕ 1874ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿಯೇ ಅಚ್ಚಾಯಿತು. ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನೂ ಅವನು ಬರೆಸಿಕೊಂಡಿದ್ದ. ಕೋಶ ಹೊರಬರುವ ನಾಲ್ಕು ವರ್ಷ ಮೊದಲೇ ತೀರಿಕೊಂಡ. ಡಕಾರ ಸರಿಯಾಗಿ ಕೇಳಿಸುತ್ತಿದ್ದ ಕಿವಿ ಅವನದು. ಅರೆಕದ ಬೇರು ಹುಡುಕಿ ಬರೆಯಲು ತಕ್ಕ ಮನುಷ್ಯ.

ಹಾಗಾದರೆ ಕೆ ಯಾವಾಗ ಬಂತು? ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸರಕಾರ ಭಾರತದ ಹೆಸರುಗಳನ್ನು ಬರೆಯಲು ಹಂಟರ್ ಪದ್ಧತಿಯನ್ನು ತಂದಿತು. ಕಕಾರಕ್ಕೆ ಕೆ ಎಂದು ನಿಯಮವಾಯಿತು. ಪಂಡಿತರೂ ವಿಜ್ಞಾನಿಗಳೂ ಆ ಹೊತ್ತಿಗೆ ಕೆಯ ಕಡೆಗೇ ವಾಲಿದ್ದರು. 1876ರಲ್ಲಿ ಕಾಫಿ ಗಿಡವನ್ನು ಕೊಳೆಸುವ ಶಿಲೀಂಧ್ರಕ್ಕೆ ಇಟ್ಟ ಹೆಸರಿನಲ್ಲಿ ‘ಕೊಳೆರೋಗ’ ಎಂಬ ನಮ್ಮ ಮಾತೇ ಇದೆ, ಕೆ ಅಕ್ಷರದಿಂದ. ಮುಂದೆ ಮೈಸೂರು ಸರಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಮೇಲೆ ಬರೆದ. ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ತೋಟಗಳಿಗೆ ತಲುಪಿಸಿದ. ಮಳೆಗಾಲದ ಮೊದಲು ಪುತ್ತೂರಿನ ತೋಟಗಳಲ್ಲಿ ಮದ್ದು ಬಿಡುವವರು ಮರದಿಂದ ಮರಕ್ಕೆ ಹಾರುವುದನ್ನು ನೋಡಿದಾಗ ನನಗೆ ಆ ಮನುಷ್ಯನ ನೆನಪಾಗುತ್ತದೆ. ಆ ಮದ್ದು ಎಷ್ಟು ಮನೆಗಳ ಒಲೆ ಉರಿಸಿದೆ!

ಹೀಗಾಗಿ ಒಂದೇ ತೋಟದ ಎರಡು ಮಾತು ಇಂಗ್ಲಿಷಿನಲ್ಲಿ ಎರಡು ಕಾಲದ ಅಂಗಿ ತೊಟ್ಟು ನಿಂತಿವೆ. ಮರದ ಹೆಸರಿಗೆ ಸಿ, ಮರದ ರೋಗಕ್ಕೆ ಕೆ. ಮೊದಲನೆಯದು ಹಡಗಿನಲ್ಲಿ ಹೋದದ್ದು, ಎರಡನೆಯದು ಪ್ರಯೋಗಶಾಲೆಯಿಂದ. ಅಕ್ಷರ ನೋಡಿ ಕಾಲ ಹೇಳುವ ಈ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಬ್ರಿಟಿಷರೂ ಬಹಳ ಕಾಲ ಸಿ ಹಾಕಿಯೇ ಊರ ಹೆಸರು ಬರೆದವರು. ನಮ್ಮ ತೋಟದ ಮಟ್ಟಿಗೆ ಮಾತ್ರ ಇದು ಸರಿಯಾಗಿ ಕೂರುತ್ತದೆ.

1973ರಲ್ಲಿ ಹುಟ್ಟಿದ ಅಡಿಕೆಯ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಹೆಸರನ್ನೂ ಸೊಸೆಗೆ ಬಿಡಿಸಿ ಹೇಳಿದೆ. ಅದರ ‘ಎ’ ಅಡಿಕೆಯದ್ದು. ಕೆಮ್ಮಿಂಜೆಯ ಅವರ ಚಾಕೊಲೇಟ್ ಕಾರ್ಖಾನೆಯನ್ನು ದಾರಿಯಲ್ಲಿ ಎಷ್ಟೋ ಸಲ ಕಂಡ ಹುಡುಗಿಗೆ ಇದು ಹೊಸತು.

ಕೇಳಿ ಮುಗಿದ ಮೇಲೆ ಅವಳು ತಾನೇ ಒಂದು ಶಬ್ದ ಹುಡುಕಿದಳು. ಕೊಳೆರೋಗಕ್ಕೆ ನಮ್ಮ ಕಡೆ ಹಳಬರು ಹೇಳುವುದು ಮಹಾಳಿ ಎಂದು. ಅದನ್ನು ಇಂಗ್ಲಿಷಿನಲ್ಲಿ ಬರೆಯಲು ಹೊರಟು ಎಂ, ಎ, ಎಚ್, ಎ ತನಕ ಬಂದಳು. ಳಕಾರಕ್ಕೆ ಎಲ್ ಹಾಕಿದಳು. ಗಟ್ಟಿಯಾಗಿ ಓದಿದಳು, “ಮಹಾಲಿ”. ತಲೆಯಾಡಿಸಿ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆದಳು. ಅಷ್ಟರಲ್ಲಿ ಮೋಡ ಕವಿಯಿತು. ಪುಸ್ತಕ ಬದಿಗಿಟ್ಟು ನಾವಿಬ್ಬರೂ ಅಂಗಳಕ್ಕೆ ಓಡಿದೆವು, ಅಡಕ್ಕೆ ರಾಶಿ ಮಾಡಲು.