ಹಳೆಯ ಟಿ.ವಿ.ಗೆ ಹೊಸ ಗಿರಾಕಿ

ಅಟ್ಟದ ಮೇಲೆ ಹಳೆಯ ಬೆಡ್‌ಶೀಟು ಹೊದ್ದು ಕುಳಿತಿರುವ ನಿಮ್ಮ ಪಿಕ್ಚರ್ ಟ್ಯೂಬಿನ ಟಿ.ವಿ.ಯನ್ನು ಗುಜರಿಯವನಿಗೆ ಕೊಡಬೇಕೆಂದಿದ್ದೀರಾ? ಸ್ವಲ್ಪ ತಾಳಿ. 1980 ಮತ್ತು 90ರ ದಶಕದ ವಿಡಿಯೋ ಗೇಮ್‌ಗಳನ್ನು ಅಂದಿನಂತೆಯೇ ಆಡಬಯಸುವ ಹವ್ಯಾಸಿಗಳು ಅಂಥ ಟಿ.ವಿ.ಗಳನ್ನು ಹುಡುಕುತ್ತಿದ್ದಾರೆ.

ಗೋಡೆಗೆ ತೂಗುವ ಹೊಸ ಟಿ.ವಿ. ಇರುವಾಗ ಇದೇಕೆ ಎನ್ನುವಿರಾ? ಟ್ಯೂಬಿನ ಹಿಂಬದಿಯಿಂದ ಹೊರಡುವ ಎಲೆಕ್ಟ್ರಾನ್ ಕಿರಣ ಪರದೆಯ ಮೇಲೆ ಗೆರೆಗೆರೆಯಾಗಿ ಚಿತ್ರ ಬರೆಯುತ್ತದೆ. ಸಂಕೇತ ಬಂದೊಡನೆ ಬೆಳಕು ಮೂಡುತ್ತದೆ. ಎಲ್.ಸಿ.ಡಿ. ಟಿ.ವಿ. ಹಾಗಲ್ಲ, ಹಳೆಯ ಆಟದ ಚಿತ್ರವನ್ನು ತನ್ನ ಅಳತೆಗೆ ಹಿಗ್ಗಿಸಿಕೊಂಡು ಆಮೇಲೆ ತೋರಿಸುತ್ತದೆ. ವಾರ್ತೆ ನೋಡುವವರಿಗೆ ಈ ತಡ ತಿಳಿಯದು. ಗುಂಡಿ ಒತ್ತಿ ನೆಗೆಯಬೇಕಾದ ಆಟಗಾರನಿಗೆ ಅದೇ ಸೋಲು.

ನಿಂಟೆಂಡೊದ ‘ಡಕ್ ಹಂಟ್’ (1984) ನೆನಪಿದೆಯೇ? ಅದರ ಬಂದೂಕು ಏನನ್ನೂ ಹಾರಿಸುವುದಿಲ್ಲ, ಬೆಳಕನ್ನು ನೋಡುತ್ತದೆ. ಕುದುರೆ ಎಳೆದಾಗ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮಿಂಚುತ್ತದೆ. ಬಂದೂಕಿನೊಳಗಿನ ಬೆಳಕಿನ ಸಂವೇದಕಕ್ಕೆ ಅದು ಆ ಕ್ಷಣದಲ್ಲೇ ಕಂಡರೆ ಗುರಿ ಸರಿ. ತಡವಾಗಿ ಮೂಡುವ ಹೊಸ ಪರದೆಯಲ್ಲಿ ಬಾತುಕೋಳಿಗೆ ಸಾವೇ ಇಲ್ಲ!

ಮಾರುವ ಮುನ್ನ ಟಿ.ವಿ. ಹಚ್ಚಿ, ಚಿತ್ರ ಮೂಡಿರುವಾಗಲೇ ಫೋಟೋ ತೆಗೆಯಿರಿ. ಹಿಂಬದಿಯ ಮಾಡೆಲ್ ಸಂಖ್ಯೆ, ಹಳದಿ-ಬಿಳಿ-ಕೆಂಪು ಎ.ವಿ. ಕಿಂಡಿಗಳು ಇವೆಯೇ ಎಂಬುದನ್ನು ತಿಳಿಸಿ. ನಮ್ಮ ದೇಶದ್ದು ಸೆಕೆಂಡಿಗೆ 50 ಬಾರಿ ಪರದೆ ತುಂಬುವ ಪಾಲ್ ಪದ್ಧತಿ. ಅಮೆರಿಕ, ಜಪಾನಿನ ಆಟದ ಯಂತ್ರಗಳದ್ದು 60 ಬಾರಿಯ ಎನ್.ಟಿ.ಎಸ್.ಸಿ. ನಿಮ್ಮ ಟಿ.ವಿ. ಎರಡನ್ನೂ ತೋರಿಸಿದರೆ ಅದನ್ನೂ ಹೇಳಿ. 1968ರಲ್ಲಿ ಬಂದ ಸೋನಿಯ ‘ಟ್ರಿನಿಟ್ರಾನ್’ ಟ್ಯೂಬಿಗೂ, ಸ್ಟುಡಿಯೋಗಳ ಮಾನಿಟರುಗಳಿಗೂ ಬೇಡಿಕೆ ಹೆಚ್ಚು. ಬಣ್ಣ ಮಾಸಿದ್ದರೆ, ಮೂಲೆಯಲ್ಲಿ ಚಿತ್ರ ಸೊಟ್ಟಗಾಗಿದ್ದರೆ ಮುಚ್ಚಿಡಬೇಡಿ. ಕೊಳ್ಳುವವರು ಮೊದಲು ನೋಡುವುದೇ ಅದನ್ನು.

ಒಂದು ಎಚ್ಚರಿಕೆ: ಧೂಳು ಒರೆಸಲೆಂದು ಹಿಂಬದಿಯ ಮುಚ್ಚಳ ಬಿಚ್ಚಲೇಬೇಡಿ. ಬಣ್ಣದ ಟಿ.ವಿ.ಯ ಟ್ಯೂಬಿಗೆ 20,000 ವೋಲ್ಟಿಗೂ ಮಿಗಿಲಾದ ವಿದ್ಯುತ್ ಬೇಕು. ಸ್ವಿಚ್ ಆರಿಸಿದ ಮೇಲೂ ಅದು ಒಳಗೆ ಉಳಿದಿರಬಹುದು. ಎತ್ತುವಾಗ ಇಬ್ಬರಿರಲಿ, ಭಾರವೆಲ್ಲ ಮುಂದಿನ ಗಾಜಿನ ಕಡೆಗಿರುತ್ತದೆ.

ಗಿರಾಕಿ ಸಿಗದಿದ್ದರೂ ತಾಮ್ರದ ಆಸೆಗೆ ಟ್ಯೂಬ್ ಒಡೆಯಲು ಕೊಡಬೇಡಿ. ಆ ಗಾಜಿನಲ್ಲಿ ಸೀಸವಿದೆ. ಒಡೆಯುವ ಕೂಲಿಯವನ ಮೈಗೂ ನೆಲಕ್ಕೂ ಅದು ವಿಷ. ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಿ. ಆದರೆ ನಡೆಯುವ ಟಿ.ವಿ.ಯಾದರೆ ಮೊದಲು ಒಬ್ಬ ಆಟಗಾರನನ್ನು ವಿಚಾರಿಸಿ. ಇಂಥ ಟ್ಯೂಬು ತಯಾರಿಸುತ್ತಿದ್ದ ದೊಡ್ಡ ಕಾರ್ಖಾನೆಗಳು ಮುಚ್ಚಿವೆ. ಒಂದು ಒಡೆದರೆ ಲೆಕ್ಕದಲ್ಲಿ ಒಂದು ಕಡಿಮೆಯೇ.