ಗುಟ್ಟು ಹೇಳದೆ ಗುರುತು ತೋರಿಸುವುದು: ಸಂಗ್ರಹ ಜಾಲದ ‘ಚಾಪ್’ ದೃಢೀಕರಣವನ್ನು ತರಗತಿಯಲ್ಲಿ ವಿವರಿಸುವ ಬಗೆ

ಗಣಕಯಂತ್ರದ ಪಾಠದಲ್ಲಿ ‘ಪಾಸ್‌ವರ್ಡ್’ ಎಂಬ ಮಾತು ಬಂದ ಕೂಡಲೇ ಮಕ್ಕಳ ಮನಸ್ಸಿನಲ್ಲಿ ಮೂಡುವ ಚಿತ್ರ ಒಂದೇ. ನಾವು ಟೈಪ್ ಮಾಡಿದ ಅಕ್ಷರಗಳು ತಂತಿಯಲ್ಲಿ ಹರಿದು ಆ ಕಡೆಯ ಯಂತ್ರವನ್ನು ಮುಟ್ಟುತ್ತವೆ. ಅದು ಹೊಂದಿಸಿ ನೋಡಿ ಒಳಗೆ ಬಿಡುತ್ತದೆ. ಪಾಠಯೋಜನೆಯಲ್ಲಿ ಪೂರ್ವಜ್ಞಾನ ಎಂಬ ಶೀರ್ಷಿಕೆಯಡಿ ಇದನ್ನೇ ಬರೆದುಕೊಂಡು ಮುಂದುವರಿದರೆ ಸಂಗ್ರಹ ಜಾಲದ ದೃಢೀಕರಣ ಅರ್ಥವಾಗುವುದಿಲ್ಲ. ಏಕೆಂದರೆ ಅಲ್ಲಿ ಪಾಸ್‌ವರ್ಡ್ ತಂತಿಯ ಮೇಲೆ ಹೋಗುವುದೇ ಇಲ್ಲ.

ಮೊದಲು ಸಂಗ್ರಹ ಜಾಲವೆಂದರೇನು ಎಂಬುದನ್ನು ಸ್ಪಷ್ಟಪಡಿಸಬೇಕು. ಲ್ಯಾಬಿನಲ್ಲಿ ಮಕ್ಕಳು ಬಳಸುವ ಹಂಚಿಕೆಯ ಫೋಲ್ಡರ್ ಬೇರೆ, ‘ಐ-ಸ್ಕಸಿ’ ಬೇರೆ. ಫೋಲ್ಡರ್‌ನಲ್ಲಿ ಸರ್ವರ್ ನಮಗೆ ಕಡತಗಳನ್ನು ಕೊಡುತ್ತದೆ. ಐ-ಸ್ಕಸಿಯಲ್ಲಿ ದೂರದ ಪೆಟ್ಟಿಗೆಯಲ್ಲಿರುವ ಡಿಸ್ಕಿನ ಒಂದು ಭಾಗವೇ ನಮ್ಮ ಯಂತ್ರದೊಳಗಿನ ಡಿಸ್ಕಿನಂತೆ ಕಾಣಿಸಿಕೊಳ್ಳುತ್ತದೆ. ಬೇಕಿದ್ದರೆ ಅದನ್ನು ಫಾರ್ಮ್ಯಾಟ್ ಕೂಡ ಮಾಡಬಹುದು. ಡಿಸ್ಕನ್ನು ಕೇಳುವ ಯಂತ್ರಕ್ಕೆ ಇನಿಷಿಯೇಟರ್ ಎಂದೂ ಕೊಡುವ ಪೆಟ್ಟಿಗೆಗೆ ಟಾರ್ಗೆಟ್ ಎಂದೂ ಹೆಸರು. ಟಾರ್ಗೆಟ್ ಸಾಮಾನ್ಯವಾಗಿ 3260ನೆಯ ಪೋರ್ಟ್‌ನಲ್ಲಿ ಕಾದಿರುತ್ತದೆ. ಒಂದೇ ಡಿಸ್ಕಿಗೆ ಎರಡು ಯಂತ್ರಗಳು ಒಟ್ಟಿಗೆ ಸೇರಿಕೊಂಡು ಬರೆಯತೊಡಗಿದರೆ ಮಾಮೂಲಿ ಕಡತ ವ್ಯವಸ್ಥೆ ಕೆಟ್ಟುಹೋಗುತ್ತದೆ. ಇಡೀ ಕಾಲೇಜಿನ ಆಂತರಿಕ ಅಂಕಗಳು ಅದರಲ್ಲಿದ್ದರೆ? ಕಳ್ಳನೇ ಬರಬೇಕಿಲ್ಲ, ಪಕ್ಕದ ಕೊಠಡಿಯ ಯಂತ್ರ ತಪ್ಪಿ ಸೇರಿಕೊಂಡರೂ ಸಾಕು. ಆದ್ದರಿಂದ ಟಾರ್ಗೆಟ್ ‘ನೀನು ಯಾರು?’ ಎಂದು ಕೇಳಲೇಬೇಕು.

ಬಹಳ ಕಡೆ ಈ ಪ್ರಶ್ನೆಗೆ ಹೆಸರನ್ನೇ ಉತ್ತರವಾಗಿ ಒಪ್ಪಿಕೊಂಡುಬಿಡುತ್ತಾರೆ. ಪ್ರತಿ ಇನಿಷಿಯೇಟರ್‌ಗೂ ‘ಐಕ್ಯುಎನ್’ ಎಂದು ಶುರುವಾಗುವ ಉದ್ದನೆಯ ಹೆಸರಿರುತ್ತದೆ. ಆ ಹೆಸರನ್ನು ಟಾರ್ಗೆಟ್‌ನ ಪಟ್ಟಿಗೆ ಸೇರಿಸಿ ಕೆಲಸ ಮುಗಿಯಿತು ಎನ್ನುತ್ತಾರೆ. ಆದರೆ ಲಿನಕ್ಸ್‌ನಲ್ಲಿ ಅದು ಒಂದು ಪಠ್ಯ ಕಡತದಲ್ಲಿರುವ ಸಾಲು. ಯಾರು ಬೇಕಾದರೂ ತಮ್ಮ ಯಂತ್ರದಲ್ಲಿ ಅದನ್ನು ಬದಲಿಸಿ ಇನ್ನೊಂದು ಯಂತ್ರದ ಹೆಸರು ಇಟ್ಟುಕೊಳ್ಳಬಹುದು. ನಮ್ಮ ಮಕ್ಕಳಿಗೆ ಇದನ್ನು ವಿವರಿಸಲು ಹೆಚ್ಚು ಕಷ್ಟಪಡಬೇಕಿಲ್ಲ. ಹಾಜರಿ ಕೂಗುವಾಗ ಬಾರದ ಗೆಳೆಯನ ಹೆಸರಿಗೆ ಹಿಂದಿನ ಬೆಂಚಿನಿಂದ ‘ಯೆಸ್ ಸಾರ್’ ಎಂದವರು ಎಲ್ಲ ತರಗತಿಯಲ್ಲೂ ಇದ್ದಾರೆ.

ಹೆಸರಿನ ಜೊತೆಗೆ ಬೇಕಾದ ಪುರಾವೆಯನ್ನು ಕೊಡುವುದು ಚಾಪ್. ಇದು ಸಂಗ್ರಹ ಜಾಲಕ್ಕಾಗಿ ಹುಟ್ಟಿದ್ದಲ್ಲ. ದೂರವಾಣಿ ಮೋಡೆಮ್‌ನಂಥ ಸಂಪರ್ಕಗಳಿಗಾಗಿ ಬಂದದ್ದು. ಅದಕ್ಕೂ ಹಿಂದಿನ ‘ಪ್ಯಾಪ್’ ವಿಧಾನ ಪಾಸ್‌ವರ್ಡನ್ನು ಇದ್ದದ್ದು ಇದ್ದ ಹಾಗೆಯೇ ಕಳುಹಿಸುತ್ತಿತ್ತು. ಚಾಪ್‌ನ ಈಗಿನ ವಿವರಣೆ ಇರುವ ದಾಖಲೆಯ ಸಂಖ್ಯೆ 1994, ಅದು ಪ್ರಕಟವಾದ ವರ್ಷ 1996. ಹಲಗೆಯ ಮೇಲೆ ಬರೆಯುವಾಗ ಇವೆರಡು ಅದಲುಬದಲಾಗದಂತೆ ನೋಡಿಕೊಳ್ಳಿ. 2004ರಲ್ಲಿ ಐ-ಸ್ಕಸಿ ನಿಯಮಗಳು ಬಂದಾಗ ಚಾಪ್ ಅದರೊಳಗೆ ಸೇರಿತು.

ಕ್ರಮ ಹೀಗಿದೆ. ಎರಡೂ ಕಡೆ ಒಂದೇ ಗುಟ್ಟನ್ನು ಮೊದಲೇ ಬರೆದಿಟ್ಟಿರುತ್ತಾರೆ. ಇನಿಷಿಯೇಟರ್ ಬಂದಾಗ ಟಾರ್ಗೆಟ್ ಒಂದು ಕ್ರಮಸಂಖ್ಯೆಯನ್ನೂ ಆಗಷ್ಟೇ ಹುಟ್ಟಿಸಿದ ಒಂದು ಯಾದೃಚ್ಛಿಕ ಸವಾಲನ್ನೂ ಕಳುಹಿಸುತ್ತದೆ. ಇನಿಷಿಯೇಟರ್ ಕ್ರಮಸಂಖ್ಯೆ, ಗುಟ್ಟು, ಸವಾಲು ಮೂರನ್ನೂ ಸಾಲಾಗಿ ಜೋಡಿಸಿ ‘ಎಂಡಿ5’ ಎಂಬ ಲೆಕ್ಕಕ್ಕೆ ಹಾಕುತ್ತದೆ. ಬಂದ 16 ಬೈಟ್‌ಗಳನ್ನು ತನ್ನ ಬಳಕೆದಾರ ಹೆಸರಿನೊಡನೆ ಹಿಂದಿರುಗಿಸುತ್ತದೆ. ಟಾರ್ಗೆಟ್ ಅದೇ ಲೆಕ್ಕವನ್ನು ತಾನೂ ಮಾಡಿ ಹೋಲಿಸುತ್ತದೆ. ತಂತಿಗೆ ಕಿವಿಗೊಟ್ಟವನಿಗೆ ಸವಾಲು ಕೇಳಿಸುತ್ತದೆ, ಉತ್ತರವೂ ಕೇಳಿಸುತ್ತದೆ, ಗುಟ್ಟು ಮಾತ್ರ ಕೇಳಿಸುವುದಿಲ್ಲ.

ಎಂಡಿ5 ಅನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಲಾಗದು. ಅದರ ಬದಲು ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತಿರುವ ಲೆಕ್ಕವೊಂದನ್ನು ಬಳಸಬಹುದು: ಗುಟ್ಟಿಗೆ ಸವಾಲನ್ನು ಕೂಡಿಸಿ, ವರ್ಗ ಮಾಡಿ, 97ರಿಂದ ಭಾಗಿಸಿ, ಶೇಷವನ್ನು ಹೇಳಿ. ಇಬ್ಬರು ಮಕ್ಕಳನ್ನು ಮುಂದೆ ಕರೆದು ಇಬ್ಬರಿಗೂ 47 ಎಂದು ಬರೆದ ಚೀಟಿ ಕೊಡಿ. ತರಗತಿಗೆ ಅದು ಎರಡಂಕಿಯ ಸಂಖ್ಯೆ ಎಂದಷ್ಟೇ ತಿಳಿದಿರಲಿ. ಟಾರ್ಗೆಟ್ ಆದವಳು ‘18’ ಎಂದು ಸವಾಲು ಹಾಕುತ್ತಾಳೆ. 47ಕ್ಕೆ 18 ಸೇರಿ 65, ವರ್ಗ 4225, ಶೇಷ 54. ಇನಿಷಿಯೇಟರ್ ಆದವನು ‘54’ ಎನ್ನುತ್ತಾನೆ. ಅವಳ ಚೀಟಿಯ ಲೆಕ್ಕವೂ 54, ಒಳಗೆ ಬಿಡುತ್ತಾಳೆ.

ನಾನು ಈ ಚಟುವಟಿಕೆ ಮಾಡಿದಾಗ ಮೊದಲು ಬಂದ ಪ್ರಶ್ನೆ, ‘ಸಾರ್, ನಾಳೆ ನಾನೂ 54 ಅಂದರೆ ಬಿಡ್ತಾರಾ?’ ಎಂಬುದು. ಇದಕ್ಕೆ ಶಿಕ್ಷಕರು ಉತ್ತರಿಸುವ ಅಗತ್ಯವಿಲ್ಲ. ಟಾರ್ಗೆಟ್ ಎರಡನೆಯ ಸಲ ‘30’ ಎಂದು ಸವಾಲು ಹಾಕಲಿ. ಈಗ 77ರ ವರ್ಗ 5929, ಶೇಷ 12. ನಿನ್ನೆಯ 54 ಇಂದು ನಡೆಯದು ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಸವಾಲು ಪ್ರತಿ ಸಲ ಹೊಸದಾಗಿರಬೇಕು ಎಂಬ ನಿಯಮದ ಕಾರಣ ಇಷ್ಟೇ.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಪಾಠವೇ ಆದೀತು. ನನ್ನ ಅಭಿಪ್ರಾಯದಲ್ಲಿ ಮುಖ್ಯ ಭಾಗ ಮುಂದಿನದು: ಇಡೀ ತರಗತಿಯನ್ನು ಕಳ್ಳನನ್ನಾಗಿ ಮಾಡುವುದು. 10ರಿಂದ 99ರವರೆಗೆ 90 ಸಂಖ್ಯೆಗಳಿವೆ. ತರಗತಿಯಲ್ಲಿ 30 ಮಕ್ಕಳಿದ್ದರೆ ತಲೆಗೆ ಮೂರು. ಪ್ರತಿಯೊಬ್ಬರೂ ತಮ್ಮ ಮೂರು ಸಂಖ್ಯೆಗಳಿಗೆ 18 ಕೂಡಿಸಿ ಲೆಕ್ಕ ಮಾಡಲಿ. 54 ಬಂದವರು ಕೈ ಎತ್ತಲಿ. ಕೆಲವೇ ನಿಮಿಷಗಳಲ್ಲಿ ಎರಡು ಕೈಗಳು ಮೇಲೇಳುತ್ತವೆ: 47 ಮತ್ತು 14. ಈಗ ಎರಡನೆಯ ಸವಾಲಿನಿಂದ ಪರೀಕ್ಷಿಸಿದರೆ 14ಕ್ಕೆ ಬರುವ ಶೇಷ 93, 47ಕ್ಕೆ 12. ಗುಟ್ಟು ಬಯಲು! ತಂತಿಯ ಮೇಲೆ ಒಮ್ಮೆಯೂ ಹೋಗದ ಗುಟ್ಟು, ಎರಡು ಸವಾಲು-ಉತ್ತರಗಳನ್ನು ಕೇಳಿಸಿಕೊಂಡ ತರಗತಿಯ ಕೈಗೆ ಸಿಕ್ಕಿತು. ನಿಜವಾದ ಚಾಪ್‌ಗೂ ಇದೇ ಅಪಾಯವಿದೆ. ಕದ್ದು ಕೇಳಿದವನು ತನ್ನ ಯಂತ್ರದಲ್ಲೇ ಕೂತು ಶಬ್ದಕೋಶದ ಒಂದೊಂದೇ ಪದವನ್ನು ಹಾಕಿ ನೋಡಬಹುದು. ಟಾರ್ಗೆಟ್‌ನ ಬಾಗಿಲು ತಟ್ಟುವ ಅಗತ್ಯವೇ ಅವನಿಗಿಲ್ಲ. ಆದ್ದರಿಂದ ‘ಮೂರು ಸಲ ತಪ್ಪಾದರೆ ಲಾಕ್’ ಎಂಬ ಕಾವಲು ಇಲ್ಲಿ ಕೆಲಸಕ್ಕೆ ಬಾರದು.

ಇದನ್ನು ಕಂಡ ಮಕ್ಕಳಿಗೆ ಗುಟ್ಟಿನ ಉದ್ದದ ನಿಯಮವನ್ನು ಬಾಯಿಪಾಠ ಮಾಡಿಸಬೇಕಿಲ್ಲ. 96 ಬಿಟ್‌ಗಿಂತ ಚಿಕ್ಕ ಗುಟ್ಟಾದರೆ ಐಪಿಸೆಕ್ ಗೂಢಲಿಪೀಕರಣ ಇಲ್ಲದೆ ಮುಂದುವರಿಯಬಾರದು ಎನ್ನುತ್ತವೆ ಐ-ಸ್ಕಸಿ ನಿಯಮಗಳು. ಎಂಟರಿಂದ ಭಾಗಿಸಿದರೆ 12 ಅಕ್ಷರ. ವಿಂಡೋಸ್‌ನ ಇನಿಷಿಯೇಟರ್ 12ರಿಂದ 16 ಅಕ್ಷರಗಳ ಗುಟ್ಟನ್ನೇ ಕೇಳುವುದಕ್ಕೂ ಇದೇ ಹಿನ್ನೆಲೆ. ಆದರೆ 12 ಅಕ್ಷರಗಳ ಊರ ಹೆಸರನ್ನು ಇಟ್ಟರೆ ಉದ್ದ ಸರಿಯಾಯಿತೇ ಹೊರತು ಊಹಿಸುವುದು ಕಷ್ಟವಾಗಲಿಲ್ಲ. ಯಂತ್ರದಿಂದಲೇ ಯಾದೃಚ್ಛಿಕವಾಗಿ ಹುಟ್ಟಿಸಿಕೊಳ್ಳಬೇಕು.

ಪ್ರಾಯೋಗಿಕ ತರಗತಿಯಲ್ಲಿ ಹೊಂದಿಸುವ ಕೆಲಸ ಚಿಕ್ಕದು. ಟಾರ್ಗೆಟ್ ಕಡೆ ಇನಿಷಿಯೇಟರ್‌ನ ಐಕ್ಯುಎನ್, ಬಳಕೆದಾರ ಹೆಸರು, ಗುಟ್ಟು ಸೇರಿಸಬೇಕು. ವಿಂಡೋಸ್‌ನಲ್ಲಿ ಸಂಪರ್ಕಿಸುವಾಗ ‘ಅಡ್ವಾನ್ಸ್ಡ್’ ಒತ್ತಿ ಚಾಪ್ ಲಾಗಾನ್ ಆಯ್ಕೆ ಮಾಡಿ ಅದೇ ಹೆಸರು, ಗುಟ್ಟು ಕೊಡಬೇಕು. ಲಿನಕ್ಸ್‌ನಲ್ಲಿ ಇನಿಷಿಯೇಟರ್‌ನ ಸೆಟ್ಟಿಂಗ್ ಕಡತದಲ್ಲಿ ಬರೆಯಬೇಕು. ಅಲ್ಲೊಂದು ತೊಡಕಿದೆ: ಆ ಕಡತದ ಬದಲಾವಣೆ ಮುಂದೆ ಹುಡುಕುವ ಟಾರ್ಗೆಟ್‌ಗಳಿಗಷ್ಟೇ ಅನ್ವಯ. ಮೊದಲೇ ಹುಡುಕಿಟ್ಟಿದ್ದ ಟಾರ್ಗೆಟ್‌ಗೆ ಹಳೆಯ ದಾಖಲೆಯೇ ಉಳಿದಿರುತ್ತದೆ. ಗುಟ್ಟು ಅಕ್ಷರಶಃ ಸರಿಯಿದ್ದೂ ಲಾಗಿನ್ ಆಗುತ್ತಿಲ್ಲ ಎಂದು ವಿದ್ಯಾರ್ಥಿ ಹೇಳಿದರೆ ಮೊದಲು ಆ ದಾಖಲೆಯನ್ನು ತಿದ್ದಿಸಿ.

ಇಲ್ಲಿಯವರೆಗೆ ಟಾರ್ಗೆಟ್ ಮಾತ್ರ ಪ್ರಶ್ನೆ ಕೇಳಿತು. ಟಾರ್ಗೆಟ್ಟೇ ನಕಲಿಯಾದರೆ? ಅದಕ್ಕಾಗಿ ಇನಿಷಿಯೇಟರ್ ಕೂಡ ತನ್ನದೊಂದು ಸವಾಲು ಹಾಕುವ ಪರಸ್ಪರ ಚಾಪ್ ಇದೆ. ಇದಕ್ಕೆ ಎರಡನೆಯ ಗುಟ್ಟು ಬೇಕು, ಮತ್ತು ಅದು ಮೊದಲನೆಯದೇ ಆಗಿರಬಾರದು. ಕಾರಣವನ್ನು ಅದೇ ಇಬ್ಬರು ಮಕ್ಕಳಿಂದ ಆಡಿಸಿ ತೋರಿಸಬಹುದು. ಚೀಟಿಯಿಲ್ಲದ ನಕಲಿ ಟಾರ್ಗೆಟ್‌ಗೆ ಇನಿಷಿಯೇಟರ್ ‘25’ ಎಂದು ಸವಾಲು ಹಾಕುತ್ತಾನೆ. ನಕಲಿ ಆಗ ಉತ್ತರಿಸದೆ, ಅವನದೇ ಇನ್ನೊಂದು ಸಂಪರ್ಕದಲ್ಲಿ ‘25’ ಎಂದು ತಿರುಗಿ ಕೇಳುತ್ತದೆ. ಗುಟ್ಟು ಒಂದೇ ಆದ್ದರಿಂದ ಅವನು ಕೊಟ್ಟ ಉತ್ತರವನ್ನೇ ಅವನಿಗೆ ಮರಳಿಸುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕೊಟ್ಟವರಿಂದಲೇ ಉತ್ತರ ಬರೆಸಿಕೊಂಡಂತೆ.

ಮೌಲ್ಯಮಾಪನಕ್ಕೆ ನಾನು ಕೊಡುವ ಪ್ರಶ್ನೆ ಒಂದೇ: ಚಾಪ್ ಸರಿಯಾಗಿ ಹೊಂದಿಸಿದ ಡಿಸ್ಕಿಗೆ ಅಂಕಪಟ್ಟಿಯನ್ನು ಬರೆಯುವಾಗ ತಂತಿಗೆ ಕಿವಿಗೊಟ್ಟವನು ಅಂಕಗಳನ್ನು ಓದಬಲ್ಲನೇ? ಹೆಚ್ಚಿನವರು ‘ಇಲ್ಲ’ ಎಂದು ಬರೆಯುತ್ತಾರೆ. ಓದಬಲ್ಲ. ಚಾಪ್ ಲಾಗಿನ್ ಹೊತ್ತಿನಲ್ಲಿ ಗುರುತನ್ನು ಪರೀಕ್ಷಿಸುತ್ತದೆ, ನಂತರ ಹರಿಯುವ ದತ್ತಾಂಶವನ್ನು ಮುಚ್ಚಿಡುವುದಿಲ್ಲ. ಅದಕ್ಕೆ ಐಪಿಸೆಕ್ ಬೇಕು. ಇಲ್ಲವೇ ಕೊನೆಯ ಪಕ್ಷ ಸಂಗ್ರಹ ಪೆಟ್ಟಿಗೆಯ ತಂತಿಯನ್ನು ಮಕ್ಕಳ ಲ್ಯಾಬಿನ ಜಾಲದಿಂದ ಬೇರ್ಪಡಿಸಿ ಇಡಬೇಕು. ‘ಇಲ್ಲ’ ಎಂದವರನ್ನು ಕಳ್ಳನ ಗುಂಪಿಗೆ ಮರಳಿ ಕಳುಹಿಸಿ, 54ರ ನಂತರ ಇಬ್ಬರು ಗೆಳೆಯರು ಜೋರಾಗಿ ಆಡಿದ ಮಾತುಗಳಲ್ಲಿ ಏನೇನು ಕೇಳಿಸಿತು ಎಂದು ಬರೆಯಲು ಹೇಳಿ.